ಮುಟ್ಟು ಬರುವ ಮೊದಲೇ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವ ಸಂತಾನೋತ್ಪತ್ತಿಯ ದೊಡ್ಡ ಪಾಠ ಮುಗಿದ ಮೇಲೆ ಸಂತಾನೋತ್ಪತ್ತಿ ಆರೋಗ್ಯ ಅನ್ನುವ ಚಿಕ್ಕ ಪಾಠ ಬರುತ್ತದೆ. ಮಕ್ಕಳಿಗೆ ಸುಲಭವಾಗಿ ಅಂಕ ಕೊಡುವ ಪಾಠ. ಕಾಪರ್ ಟಿಯ ಚಿತ್ರ, ಲಕ್ನೋದ ಸಿಡಿಆರ್‌ಐ ಸಂಸ್ಥೆ ಕಂಡುಹಿಡಿದ ಸಹೇಲಿ ಮಾತ್ರೆ, ಆಪರೇಷನ್‌ನ ಎರಡು ಬಗೆ. ಇವುಗಳ ನಡುವೆ ಇನ್ನೊಂದು ಮಾತಿದೆ: ಎದೆಹಾಲು ಕುಡಿಸುವ ತಾಯಿಗೆ ಮುಟ್ಟು ನಿಂತಿರುವುದರಿಂದ ಸಿಗುವ ರಕ್ಷಣೆ ಹೆರಿಗೆಯಾದ ಮೇಲೆ ಹೆಚ್ಚೆಂದರೆ ಆರು ತಿಂಗಳು. ಇದನ್ನು ನಾನು ಪ್ರತಿವರ್ಷ ಓದಿಸಿದ್ದೇನೆ, ಅಡಿಗೆರೆ ಹಾಕಿಸಿದ್ದೇನೆ, ಒಂದು ಅಂಕದ ಪ್ರಶ್ನೆಯಾಗಿ ಕೇಳಿ ತಪ್ಪು ಬರೆದವರಿಗೆ ಸೊನ್ನೆ ಹಾಕಿದ್ದೇನೆ. ನನ್ನ ಮೊದಲ ಮಗುವಿಗೆ ಏಳು ತಿಂಗಳು ತುಂಬಿ ಎಂಟು ನಡೆಯುತ್ತಿದ್ದಾಗ ಅದೇ ಪ್ರಶ್ನೆಯಲ್ಲಿ ನಾನು ಫೇಲಾದೆ. ಎರಡನೆಯ ಬಸುರು ನನಗೆ ಗೊತ್ತಾದದ್ದು ಐದನೇ ತಿಂಗಳಲ್ಲಿ.

ಬಯಾಲಜಿ ಮೇಡಂಗೇ ಹೀಗಾದರೆ ಉಳಿದವರ ಗತಿಯೇನು ಎಂದು ಸಹೋದ್ಯೋಗಿಯೊಬ್ಬರು ಸ್ಟಾಫ್‌ರೂಮಿನಲ್ಲಿ ನಗುತ್ತ ಕೇಳಿದರು. ಚುಚ್ಚಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಋತುಚಕ್ರದ ಚಿತ್ರ ಮುಟ್ಟಿನ ಮೊದಲ ದಿನದಿಂದ ಶುರುವಾಗಿ, ಹದಿನಾಲ್ಕನೇ ದಿನಕ್ಕೆ ಅಂಡ ಬಿಡುಗಡೆಯಾಗಿ, ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಬಾಣಂತಿಗೆ ಆ ಮೊದಲ ದಿನವೇ ಇಲ್ಲ. ಅವಳ ಚಕ್ರ ಎಷ್ಟೋ ಸಲ ನಡುವಿನಿಂದ ಶುರುವಾಗುತ್ತದೆ. ಒಂದು ದಿನ ಸದ್ದಿಲ್ಲದೆ ಅಂಡ ಬಿಡುಗಡೆಯಾಗುತ್ತದೆ, ಅದು ಫಲಿಸದೇ ಹೋದರೆ ಎರಡು ವಾರದ ಮೇಲೆ ಮೊದಲ ಮುಟ್ಟು ಕಾಣುತ್ತದೆ. ಫಲಿಸಿಬಿಟ್ಟರೆ ಮುಟ್ಟು ಕಾಣುವುದೇ ಇಲ್ಲ. ಇನ್ನೂ ಮುಟ್ಟಾಗಿಲ್ಲ, ಹಾಗಾಗಿ ಭಯವಿಲ್ಲ ಎಂದು ನಾನು ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದೆ. ಮುಟ್ಟಾಗದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು ಎಂಬುದು ಹೊಳೆಯಲಿಲ್ಲ.

ಈ ನೆಮ್ಮದಿ ನನಗೆ ತವರಿನಿಂದ ಬಂದದ್ದು. "ಹಾಲು ಕುಡಿಸೋವಷ್ಟು ದಿನ ಆ ಯೋಚನೆ ಇಲ್ಲ ಕಣೇ" ಎಂದು ಅಮ್ಮ ಬಾಣಂತನದಲ್ಲಿ ಹೇಳಿದ್ದಳು. ಅವಳ ಅನುಭವದಲ್ಲಿ ಅದು ಸುಳ್ಳೇನೂ ಅಲ್ಲ. ನನಗೂ ನನ್ನ ತಮ್ಮನಿಗೂ ಮೂರು ವರ್ಷದ ಅಂತರ, ಅವಳು ಯಾವ ಮಾತ್ರೆಯನ್ನೂ ನುಂಗಿದವಳಲ್ಲ. 1988ರಲ್ಲಿ ಇಟಲಿಯ ಬೆಲಾಜಿಯೊ ಎಂಬಲ್ಲಿ ಸೇರಿದ್ದ ತಜ್ಞರೂ ಸರಿಸುಮಾರು ಅಮ್ಮನ ಮಾತನ್ನೇ ಒಪ್ಪಿದ್ದಾರೆ, ಆದರೆ ಮೂರು ಷರತ್ತು ಹಾಕಿ. ಮಗುವಿಗೆ ಆರು ತಿಂಗಳು ದಾಟಿರಬಾರದು. ಹೆರಿಗೆಯ ನಂತರ ಮುಟ್ಟಾಗಿರಬಾರದು. ಮಗುವಿಗೆ ಎದೆಹಾಲು ಬಿಟ್ಟರೆ ಬೇರೇನೂ ಹೆಚ್ಚುಕಡಿಮೆ ಕೊಡುತ್ತಿರಬಾರದು, ಹಗಲಲ್ಲಿ ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವಾಗಬಾರದು. ಮೂರೂ ಕೂಡಿದಾಗ ರಕ್ಷಣೆ ನೂರಕ್ಕೆ 98ರಷ್ಟು. ಒಂದು ತಪ್ಪಿದರೂ ಆ ಲೆಕ್ಕ ಬಿತ್ತು.

ಅಮ್ಮ ಮಗುವನ್ನು ಕಂಕುಳಲ್ಲೇ ಇಟ್ಟುಕೊಂಡು ಬೆಳೆಸಿದವಳು. ಅತ್ತಾಗಲೆಲ್ಲ ಸೆರಗು ಮುಚ್ಚಿ ಹಾಲು ಕೊಟ್ಟವಳು. ನನ್ನದು ಹಾಗಲ್ಲ. ಆರು ತಿಂಗಳ ಹೆರಿಗೆ ರಜೆ ಮುಗಿದ ವಾರವೇ ಕಾಲೇಜಿಗೆ ಹಾಜರಾದೆ. ಅದೇ ವಾರ ಮಗುವಿಗೆ ರಾಗಿ ಸರಿ ಶುರು ಮಾಡಿದೆವು. ಬೆಳಿಗ್ಗೆ ಒಂಬತ್ತಕ್ಕೆ ಹಾಲು ಕುಡಿಸಿ ಹೊರಟರೆ ಮತ್ತೆ ಮಗುವನ್ನು ಎತ್ತಿಕೊಳ್ಳುವುದು ಸಂಜೆ ಐದಕ್ಕೆ. ಆರು ತಿಂಗಳು ಮುಗಿದದ್ದು, ಮೇಲಿನ ಆಹಾರ ಶುರುವಾದದ್ದು, ಹಾಲಿನ ನಡುವೆ ದೊಡ್ಡ ಬಿಡುವು ಬಿದ್ದದ್ದು, ಎಲ್ಲವೂ ಒಟ್ಟಿಗೇ. ಅಮ್ಮನ ಮಾತು ಮಾತ್ರ ತಲೆಯಲ್ಲಿ ಹಾಗೇ ಉಳಿಯಿತು. ಅದು ಅವಳ ಬದುಕಿಗೆ ಹೊಂದಿದ ಮಾತೆಂದು ಯೋಚಿಸಲಿಲ್ಲ.

ಆಸ್ಪತ್ರೆಯಲ್ಲಿ ಕೇಳಿರಲಿಲ್ಲ ಎಂದೂ ಹೇಳುವಂತಿಲ್ಲ. ಸಿಸೇರಿಯನ್‌ಗೆ ಕರೆದೊಯ್ಯುವ ಮೊದಲು ನರ್ಸ್ ಒಬ್ಬರು, ಆಪರೇಷನ್ ಆಗುವಾಗಲೇ ಕಾಪರ್ ಟಿ ಹಾಕಿಸಿಕೊಳ್ಳುತ್ತೀರಾ ಎಂದು ಕೇಳಿದ್ದರು. ಆ ಹೊತ್ತಿನಲ್ಲಿ ಅದನ್ನೆಲ್ಲ ಯಾರು ಯೋಚಿಸುತ್ತಾರೆ? "ಆಮೇಲೆ ನೋಡೋಣ ಸಿಸ್ಟರ್" ಎಂದೆ. ಆಮೇಲೆ ಯಾರೂ ನೋಡಲಿಲ್ಲ. ಡಿಸ್ಚಾರ್ಜ್ ದಿನ ಗಾಯಕ್ಕೆ ನೀರು ತಾಗಿಸಬೇಡಿ, ಭಾರ ಎತ್ತಬೇಡಿ, ಮಗುವಿನ ಲಸಿಕೆ ಇಂಥ ದಿನ ಎಂದು ಹೇಳಿದರು. ಮುಂದಿನ ಬಸುರಿನ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ. ಹಸಿ ಬಾಣಂತಿ ಇಂಥದನ್ನೆಲ್ಲ ಬಾಯಿಬಿಟ್ಟು ಕೇಳಿದರೆ ಅಕ್ಕಪಕ್ಕದ ಮಂಚದವರು ಏನಂದುಕೊಂಡಾರು ಎಂಬ ಸಂಕೋಚ ಬೇರೆ.

ನಮ್ಮ ರಕ್ಷಣೆಯೆಂದರೆ "ಹುಷಾರಾಗಿರುವುದು". ಗಂಡ ಹೆಂಡತಿ ನಡುವೆ ಹಾಗೆಂದರೆ ಏನೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲವು ದಿನ ಕಾಂಡೋಮ್, ಮಿಕ್ಕ ದಿನ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವುದು. ಈ ಹುಷಾರಿಗೆ ಎಷ್ಟು ಬೆಲೆ ಎಂಬ ಅಂದಾಜು ಪುಸ್ತಕಗಳಲ್ಲಿದೆ. ಯಾವ ರಕ್ಷಣೆಯೂ ಇಲ್ಲದೆ ಒಂದು ವರ್ಷ ಕಳೆದರೆ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 85 ಮಂದಿ ಬಸುರಾಗುತ್ತಾರೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ, ಅಂದರೆ ಒಮ್ಮೊಮ್ಮೆ ಮರೆತು, ಒಮ್ಮೊಮ್ಮೆ ತಡಮಾಡಿ ಕಾಂಡೋಮ್ ಬಳಸಿದರೆ ಸುಮಾರು 13 ಮಂದಿ. ಹಿಂದೆ ಸರಿಯುವ ವಿಧಾನವನ್ನೇ ನಂಬಿದರೆ ಸುಮಾರು 20 ಮಂದಿ, ಅಂದರೆ ಐವರಲ್ಲಿ ಒಬ್ಬಳು. ನಮ್ಮ ಕಾಲೇಜಿನಲ್ಲಿ ಮದುವೆಯಾದ ಉಪನ್ಯಾಸಕಿಯರು ಐದೇ ಜನ. ನಾನು ಆ ಒಬ್ಬಳಾದೆ.

ಒಂದು ರಾತ್ರಿ ಹುಷಾರು ತಪ್ಪಿತು. ಮನಸ್ಸಿನಲ್ಲಿ ಸಣ್ಣ ಅನುಮಾನ ಉಳಿಯಿತು. ವಾರ ಕಳೆಯುವಷ್ಟರಲ್ಲಿ ತಡೆಯಲಾಗದೆ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ಸ್‌ಗೆ ಹೋದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅವನಿದ್ದಾನೆಂದು ಇನ್ನೊಂದು ಅಂಗಡಿಗೆ ಹೋಗಿ, ಪೇಪರಿನಲ್ಲಿ ಸುತ್ತಿಕೊಟ್ಟ ಬಸುರು ಪರೀಕ್ಷೆಯ ಕಿಟ್ಟನ್ನು ಬ್ಯಾಗಿನ ತಳಕ್ಕೆ ತುರುಕಿ ತಂದೆ. ಬೆಳಗಿನವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಹಾಲು ಚೆನ್ನಾಗಿ ಬರಲೆಂದು ದಿನವಿಡೀ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ ನಾನು ರಾತ್ರಿ ಊಟವಾದ ಮೇಲೆ ಪರೀಕ್ಷೆ ಮಾಡಿದೆ. ಮೂರು ಹನಿ ಹಾಕಿ ಕಾದೆ. ಸಿ ಎಂಬ ಅಕ್ಷರದ ಎದುರು ಒಂದೇ ಗೆರೆ. ಟಿ ಎದುರು ಖಾಲಿ. ಹೋಗಲಿ ಬಿಡು, ಒಂದು ಕಂಟಕ ಕಳೆಯಿತು ಅಂದುಕೊಂಡೆ.

ಆ ಒಂದು ಗೆರೆಯನ್ನು ನಾನು ಮುಂದಿನ ಅಷ್ಟೂ ತಿಂಗಳಿಗೆ ಸರ್ಟಿಫಿಕೇಟಿನಂತೆ ಇಟ್ಟುಕೊಂಡೆ. ಬೆಳಿಗ್ಗೆ ಹೊಟ್ಟೆ ತೊಳಸಿದರೆ ಪಿತ್ತ. ಮಧ್ಯಾಹ್ನದ ಕ್ಲಾಸಿನಲ್ಲಿ ಕಣ್ಣು ಕವಿದು ಬಂದರೆ ರಾತ್ರಿ ಮಗು ನಿದ್ದೆ ಕೊಟ್ಟಿಲ್ಲ ಎಂಬ ಕಾರಣ. ಬ್ಲೌಸ್ ಬಿಗಿಯಾದರೆ ಬಾಣಂತನದ ತುಪ್ಪ. ಹೊಟ್ಟೆ ಇಳಿಯಲಿಲ್ಲವೇಕೆ ಎಂದು ಯಾರಾದರೂ ಕೇಳಿದರೆ ಸಿಸೇರಿಯನ್ ಹೊಟ್ಟೆ ಇಳಿಯುವುದಿಲ್ಲವಂತೆ ಎಂದು ನಾನೇ ಸಮಜಾಯಿಷಿ ಕೊಡುತ್ತಿದ್ದೆ. ಒಳಗೆ ಏನೋ ಮಿಸುಕಿದಂತಾದಾಗ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದೆ! ಬಾಣಂತಿಯ ಮೈಯಲ್ಲಿ ಬಸುರಿನ ಪ್ರತಿ ಲಕ್ಷಣಕ್ಕೂ ಬೇರೊಂದು ಕಾರಣ ಸಿದ್ಧವಾಗಿಯೇ ಇರುತ್ತದೆ. ಮುಟ್ಟು ತಪ್ಪಿತು ಎಂಬ ಒಂದೇ ಖಚಿತ ಸೂಚನೆ ಅವಳಿಗೆ ಸಿಗುವುದಿಲ್ಲ, ಏಕೆಂದರೆ ತಪ್ಪುವುದಕ್ಕೆ ಅದು ಶುರುವಾಗಿಯೇ ಇರುವುದಿಲ್ಲ.

ಕಂಡುಹಿಡಿದದ್ದು ಅಕ್ಷರ ಬಾರದ ನನ್ನ ಅಜ್ಜಿ. ಮಗುವಿನ ಮೊದಲ ಹುಟ್ಟುಹಬ್ಬದ ತಯಾರಿಗೆಂದು ಊರಿಂದ ಬಂದಿದ್ದವಳು ಮಗು ಎದೆಗೆ ಬಾಯಿ ಹಾಕಿ ತಕ್ಷಣ ಬಿಟ್ಟು ಅಳುವುದನ್ನು ಎರಡು ದಿನ ನೋಡಿದಳು. ಮೂರನೇ ದಿನ ಅಡುಗೆಮನೆಗೆ ಕರೆದು, "ಕೂಸು ಮೊಲೆ ಬಿಡ್ತಾ ಅದೆ, ಹಾಲು ಕಮ್ಮಿ ಆಗದೆ. ಹೊಟ್ಟೇಲಿ ಇನ್ನೊಂದು ಇದ್ದದು, ನೋಡಿಸ್ಕೊ" ಅಂದಳು. ನಾನು ನಕ್ಕೆ. ಕಿಟ್‌ನಲ್ಲಿ ಇಲ್ಲ ಅಂತ ಬಂದಿತ್ತು ಅಜ್ಜಿ ಎಂದೆ. "ಯಾವಾಗ ಬಂದಿತ್ತು?" ಎಂದಳು. ಆ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಳ್ಳಬೇಕಾಗಿತ್ತು. ಬಸುರಿನ ನಡುವಿನ ತಿಂಗಳುಗಳಲ್ಲಿ ಎದೆಹಾಲು ಕಡಿಮೆಯಾಗುವುದು, ರುಚಿ ಬದಲಾಗುವುದು ನಿಜ. ಅಜ್ಜಿ ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೊಟ್ಟ ಫಾರಂನಲ್ಲಿ ಕೊನೆಯ ಮುಟ್ಟಿನ ದಿನಾಂಕ ಎಂಬ ಖಾನೆಯಿತ್ತು. ಏನು ಬರೆಯಲಿ? ಅದು ಹಿರಿಯ ಮಗ ಹೊಟ್ಟೆಯಲ್ಲಿ ಮೂಡುವ ಮೊದಲಿನ ತಾರೀಖು, ವರ್ಷಕ್ಕಿಂತ ಹಳೆಯದು. ಖಾಲಿ ಬಿಟ್ಟೆ. ವೈದ್ಯೆ ಮಗುವಿನ ತಲೆಯ ಅಳತೆ, ತೊಡೆಯೆಲುಬಿನ ಉದ್ದ ನೋಡಿ ಹತ್ತೊಂಬತ್ತು ವಾರ ಎಂದರು. ಆ ಹಂತದ ಸ್ಕ್ಯಾನ್‌ನಲ್ಲಿ ಹತ್ತು ದಿನ ಹಿಂದುಮುಂದಾಗಬಹುದು ಎಂದೂ ಸೇರಿಸಿದರು. ಮೊದಲ ತಿಂಗಳುಗಳಲ್ಲಿ ಮಾಡಿದ್ದರೆ ತಾರೀಖು ಇನ್ನಷ್ಟು ನಿಖರವಾಗಿ ಸಿಗುತ್ತಿತ್ತು.

ಆ ಹತ್ತು ದಿನ ನಮಗೆ ಬಲು ದೊಡ್ಡದಾಗಿ ಕಂಡಿತು. ಗರ್ಭಪಾತದ ಕಾನೂನು 1971ರದು, 2021ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಗರ್ಭನಿರೋಧಕ ಕೈಕೊಟ್ಟದ್ದೂ ಒಪ್ಪತಕ್ಕ ಕಾರಣ. 20ರಿಂದ 24ರವರೆಗೆ ಗೊತ್ತುಪಡಿಸಿದ ಕೆಲವು ಸ್ಥಿತಿಗಳಲ್ಲಿ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ. ಒಂಬತ್ತು ವಾರದೊಳಗೆ ಗೊತ್ತಾಗಿದ್ದರೆ ವೈದ್ಯರ ಉಸ್ತುವಾರಿಯಲ್ಲಿ ಮಾತ್ರೆಯಿಂದಲೇ ಮುಗಿಯಬಹುದಿತ್ತು. ಹತ್ತೊಂಬತ್ತನೇ ವಾರದಲ್ಲಿ, ಅದೂ ವರ್ಷದ ಹಿಂದೆ ಕೊಯ್ದು ಹೊಲಿದ ಗರ್ಭಕೋಶಕ್ಕೆ, ಅದು ಸಣ್ಣ ಮಾತಲ್ಲ. ಮುಂದುವರಿಸಿದರೂ ಅಪಾಯ ತಪ್ಪಿದ್ದಲ್ಲ. ಒಂದು ಹೆರಿಗೆಯಿಂದ ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷದ ಅಂತರ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಸೇರಿಯನ್ ಆದ ಸ್ವಲ್ಪ ದಿನಕ್ಕೇ ಮತ್ತೆ ಬಸುರಾದರೆ ಹೆರಿಗೆ ನೋವಿನಲ್ಲಿ ಹಳೆಯ ಹೊಲಿಗೆಯ ಜಾಗ ಬಿರಿಯುವ ಸಂಭವ ಹೆಚ್ಚು. ವೈದ್ಯೆ ಎರಡೂ ಕಡೆಯದನ್ನು ಹೇಳಿ, ಈ ವಾರದೊಳಗೆ ಯೋಚಿಸಿ ಬನ್ನಿ ಎಂದರು.

ಆ ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ನನ್ನ ಗಂಡ "ನೀನು ಹೇಗೆ ಹೇಳ್ತೀಯೋ ಹಾಗೆ" ಎಂದು ಪದೇಪದೇ ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೂ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕೊನೆಗೆ ಮುಂದುವರಿಸಿದೆವು. ಯೋಚಿಸಿ, ಅಳೆದು ತೂಗಿ ಆರಿಸಿಕೊಂಡೆವು ಎಂದರೆ ಸುಳ್ಳಾಗುತ್ತದೆ. ಹೊತ್ತು ಮೀರಿತ್ತು, ಅಷ್ಟೇ. ಮೊದಲ ವಾರಗಳಲ್ಲಿ ಬೇಕಾದ ಫೋಲಿಕ್ ಆಸಿಡ್ ತಪ್ಪಿಹೋಗಿತ್ತು, ಮಗುವಿನ ಮಿದುಳುಬಳ್ಳಿಯ ಕೊಳವೆ ಗರ್ಭಕಟ್ಟಿದ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಮೂರನೇ ತಿಂಗಳ ಸ್ಕ್ಯಾನ್ ತಪ್ಪಿತ್ತು. ರಕ್ತ ಕಡಿಮೆಯಾಗಿತ್ತು. ಮಗಳು ತುಂಬು ತಿಂಗಳಿಗೆ ಮೊದಲೇ ಹುಟ್ಟಿ ಕೆಲವು ದಿನ ಎನ್‌ಐಸಿಯುನಲ್ಲಿದ್ದಳು. ಈಗ ಚೆನ್ನಾಗಿದ್ದಾಳೆ, ಅಣ್ಣನ ಕೂದಲು ಜಗ್ಗುವಷ್ಟು ಗಟ್ಟಿಯಾಗಿದ್ದಾಳೆ. ಮುಂದೊಂದು ದಿನ ಅವಳು ಇದನ್ನು ಓದಬಹುದು. ಓದಲಿ. ಅವಳು ಬರುತ್ತಿದ್ದಾಳೆಂದು ಅವಳ ತಾಯಿಗೆ ಮೊದಲೇ ಗೊತ್ತಿರಬೇಕಾಗಿತ್ತು ಎಂಬುದಷ್ಟೇ ಇದರಲ್ಲಿರುವ ಅಳಲು.

ಎರಡನೇ ಬಾಣಂತನದಲ್ಲಿ ನನ್ನದೇ ಪಾಠದ ಟಿಪ್ಪಣಿಗಳನ್ನು ತೆಗೆದು ಕೂತು, ಆ ರಾತ್ರಿಯಿಂದ ಕಿಟ್‌ನ ಆ ಒಂದು ಗೆರೆಯವರೆಗೆ ದೇಹದೊಳಗೆ ಏನೇನಾಗಿರಬಹುದೆಂದು ದಿನ ಹಿಡಿದು ಲೆಕ್ಕ ಹಾಕಿದೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಬಲ್ಲದು. ಅಂಡದ ಆಯಸ್ಸು ಒಂದು ದಿನ. ಆದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡ ಬಿಡುಗಡೆಯಾದ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಮಗು ಬಯಸಿದ್ದ 221 ಹೆಣ್ಣುಮಕ್ಕಳ ಮೂತ್ರವನ್ನು ದಿನಾ ಸಂಗ್ರಹಿಸಿ ಅಳೆದು 1995ರಲ್ಲಿ ಕೊಟ್ಟ ಲೆಕ್ಕ ಇದು. ಆರು ದಿನದ ಮೊದಲ ದಿನ ಕೂಡಿದರೆ ಗರ್ಭ ಕಟ್ಟುವ ಸಂಭವ ಹತ್ತಕ್ಕೆ ಒಂದರಷ್ಟು, ಅಂಡ ಬಿಡುಗಡೆಯ ದಿನ ಮೂರಕ್ಕೆ ಒಂದರಷ್ಟು. ಆ ಆರರ ಹೊರಗಿನ ದಿನಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ಕೇಳಲು ಚೆನ್ನಾಗಿದೆ. ಆದರೆ ಆ ಆರು ದಿನ ಯಾವುವೆಂದು ಮುಟ್ಟು ಸರಿಯಾಗಿ ಬರುವವರಿಗೇ ನಿಖರವಾಗಿ ಗೊತ್ತಾಗುವುದಿಲ್ಲ. ಮುಟ್ಟೇ ಬಾರದ ಬಾಣಂತಿಗೆ, ಪಿಸಿಓಡಿಯಿಂದ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವ ಹುಡುಗಿಗೆ ಎಲ್ಲ ದಿನವೂ ಆ ಆರರಲ್ಲೊಂದು ಎಂದೇ ಎಣಿಸಬೇಕು.

ಗರ್ಭಕಟ್ಟಿದ ಕೂಡಲೇ ದೇಹಕ್ಕೆ ಸುದ್ದಿ ಮುಟ್ಟುವುದಿಲ್ಲ. ಫಲಿತ ಅಂಡ ನಳಿಕೆಯಲ್ಲಿ ಉರುಳಿಕೊಂಡು ಬಂದು ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳಬೇಕು. ಅದೇ ವಿಲ್ಕಾಕ್ಸ್ ತಂಡ 1999ರಲ್ಲಿ ತೋರಿಸಿದಂತೆ ಬಹುಪಾಲು ಬಸುರುಗಳಲ್ಲಿ ಇದು ನಡೆಯುವುದು ಅಂಡ ಬಿಡುಗಡೆಯಾದ ಎಂಟರಿಂದ ಹತ್ತನೇ ದಿನದ ನಡುವೆ. ಕಚ್ಚಿಕೊಂಡ ಮೇಲೆಯೇ ಎಚ್‌ಸಿಜಿ ಹಾರ್ಮೋನು ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಇಳಿಯಲು ಶುರು. ಮೊದಲು ಅತ್ಯಲ್ಪ, ಆಮೇಲೆ ಎರಡು ಮೂರು ದಿನಕ್ಕೆ ದುಪ್ಪಟ್ಟು. ನಾನು ಪರೀಕ್ಷಿಸಿದ ರಾತ್ರಿ ನನ್ನ ಮಗಳು ಬಹುಶಃ ಇನ್ನೂ ಎಲ್ಲಿಯೂ ಅಂಟಿಕೊಂಡೇ ಇರಲಿಲ್ಲ. ಹೆಪ್ಪು ಹಾಕಿದ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ಮೊಸರಾಗಿಲ್ಲ ಎಂದು ತೀರ್ಮಾನಿಸಿದ ಹಾಗಾಯಿತು ನನ್ನದು. ಕಿಟ್ ಸುಳ್ಳು ಹೇಳಲಿಲ್ಲ. ಈ ಹೊತ್ತಿನ ಈ ಮೂತ್ರದಲ್ಲಿ ತಾನು ಹಿಡಿಯುವಷ್ಟು ಹಾರ್ಮೋನು ಇಲ್ಲ ಎಂದಷ್ಟೇ ಹೇಳಿತು.

ಈ ಮಾತು ತರಗತಿಯಲ್ಲಿ ಬಂದಾಗ ಮಕ್ಕಳಿಗೆ ಕಪ್ಪೆಯ ಕಥೆ ಹೇಳುತ್ತೇನೆ. 1930ರ ದಶಕದಿಂದ ಹಲವು ದಶಕ ಆಫ್ರಿಕಾದ ಒಂದು ಜಾತಿಯ ಹೆಣ್ಣು ಕಪ್ಪೆಗೆ ಹೆಂಗಸಿನ ಮೂತ್ರ ಚುಚ್ಚಿ, ಅದು ಒಂದು ದಿನದೊಳಗೆ ಮೊಟ್ಟೆಯಿಟ್ಟರೆ ಬಸುರು ಖಾತ್ರಿ ಎನ್ನುತ್ತಿದ್ದರು. ಕಪ್ಪೆಯೂ ಹಿಡಿಯುತ್ತಿದ್ದದ್ದು ಇದೇ ಹಾರ್ಮೋನನ್ನು. ಮಕ್ಕಳು ನಗುತ್ತಾರೆ. ಇವತ್ತಿಗೂ ಸಕ್ಕರೆ, ಉಪ್ಪು, ಟೂತ್‌ಪೇಸ್ಟಿಗೆ ಮೂತ್ರ ಹಾಕಿ ನೊರೆ ನೋಡುವ ವಿಡಿಯೊಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ಕಪ್ಪೆಯಾದರೂ ನಿಜ ಹೇಳುತ್ತಿತ್ತು, ಟೂತ್‌ಪೇಸ್ಟಿಗೆ ಏನೂ ಗೊತ್ತಿಲ್ಲ.

ಹಾಗಾದರೆ ಯಾವಾಗ ನೋಡಿಕೊಳ್ಳಬೇಕು? ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರಿಗೆ ತಾರೀಖು ದಾಟಿದ ಮೇಲೆ. ದಾಟಿದ ಮೊದಲ ದಿನವೇ ನೋಡಿದರೆ ಸುಮಾರು ಹತ್ತರಲ್ಲಿ ಒಂದು ಬಸುರು ಸಿಕ್ಕದೆ ಹೋಗಬಹುದು, ಏಕೆಂದರೆ ಅದಿನ್ನೂ ಗೋಡೆಗೆ ಕಚ್ಚಿಕೊಂಡಿರುವುದಿಲ್ಲ. ಇಲ್ಲ ಎಂದು ಬಂದು ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು. ಮುಟ್ಟಿನ ತಾರೀಖೇ ಇಲ್ಲದ ನನ್ನಂಥವರು ಎಣಿಸಬೇಕಾದದ್ದು ಕೂಡಿದ ದಿನದಿಂದ: ರಕ್ಷಣೆಯಿಲ್ಲದೆ ಕೂಡಿದ ಕಡೆಯ ದಿನದಿಂದ ಮೂರು ವಾರ, ಅಂದರೆ 21 ದಿನ ಕಳೆದ ಮೇಲೆ. ಬೆಳಗಿನ ಮೊದಲ ಮೂತ್ರ. ಡಬ್ಬಿಯ ಮೇಲೆ ಹೇಳಿದಷ್ಟೇ ಹನಿ, ಸಾಮಾನ್ಯವಾಗಿ ಐದು ನಿಮಿಷದೊಳಗೆ ಓದು. ಗಂಟೆ ಬಿಟ್ಟು ನೋಡಿದಾಗ ಕಾಣುವ ಬೂದು ಗೆರೆಗೆ ಅರ್ಥವಿಲ್ಲ. ಹೇಳಿದ ಸಮಯದೊಳಗೆ ಕಂಡರೆ ತೆಳು ಗುಲಾಬಿ ಗೆರೆಯೂ ಗೆರೆಯೇ. ಸಿ ಎದುರು ಗೆರೆ ಮೂಡದಿದ್ದರೆ ಆ ಕಿಟ್ಟೇ ಕೆಟ್ಟದ್ದು.

ನನ್ನ ಕಥೆಯ ತಲೆಕೆಳಗಾದ ಕಥೆಯೊಂದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ದನಿ ನಡುಗುತ್ತಿತ್ತು. "ಮೇಡಂ, ನಿಮ್ಮನ್ನ ಬಿಟ್ಟು ಯಾರನ್ನ ಕೇಳ್ಲಿ ಗೊತ್ತಾಗ್ಲಿಲ್ಲ." ಕಾಂಡೋಮ್ ಬಳಸಿದ್ದರು, ಆದರೂ ಹೆದರಿ ಮಾರನೇ ದಿನವೇ ಐ-ಪಿಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ್ದಳು. ತಿಂಗಳ ಮೇಲಾಗಿತ್ತು. ಮುಟ್ಟು ಮುಂದಕ್ಕೆ ಹೋಗಿತ್ತು. ದಿನಾ ಬೆಳಿಗ್ಗೆ ಒಂದು ಕಿಟ್, ದಿನಾ ಒಂದೇ ಗೆರೆ, ಆದರೂ ನಂಬಿಕೆಯಿಲ್ಲ. ಊಟ ಬಿಟ್ಟಿದ್ದಳು. ಅವಳ ಭಯಕ್ಕೂ ಅವಳಿಗಿದ್ದ ಅಪಾಯಕ್ಕೂ ತಾಳಮೇಳವೇ ಇರಲಿಲ್ಲ. ನನಗೂ ಮದುವೆಯ ಹೊಸದರಲ್ಲಿ ಎರಡು ದಿನ ತಡವಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಿಜವಾಗಿ ಹೆದರಬೇಕಾದ ವರ್ಷ ನಿಶ್ಚಿಂತೆಯಿಂದ ಮಲಗಿದ್ದೆ. ಅವಳಿಗೆ ಹೇಳಿದ್ದಿಷ್ಟು: ಮೂರು ವಾರ ದಾಟಿದ ಮೇಲೆ ಸರಿಯಾಗಿ ಮಾಡಿದ ಪರೀಕ್ಷೆ ಇಲ್ಲ ಎಂದರೆ ಇಲ್ಲ, ನಾಳೆ ಕಿಟ್ ತರಬೇಡ. ಆ ಮಾತ್ರೆ ಅಂಡ ಬಿಡುಗಡೆಯನ್ನು ಮುಂದೂಡಿ ಕೆಲಸ ಮಾಡುವಂಥದ್ದು, ಹಾಗಾಗಿ ಮುಟ್ಟು ಹಿಂದುಮುಂದಾಗುವುದು ಸಹಜ. ಮುಟ್ಟು ಇನ್ನೂ ಬಾರದಿದ್ದರೆ ಥೈರಾಯ್ಡ್ ಮುಂತಾದ ಕಾರಣವಿದೆಯೇ ಎಂದು ಸ್ತ್ರೀರೋಗ ತಜ್ಞರನ್ನು ಕಾಣು. "ಮದುವೆ ಆಗಿದ್ಯಾ ಅಂತ ಕೇಳ್ತಾರೆ ಮೇಡಂ" ಅಂದಳು. ಕೇಳುತ್ತಾರೆ, ಕೇಳುವ ರೀತಿಯೂ ಎಷ್ಟೋ ಕಡೆ ಚೆನ್ನಾಗಿರುವುದಿಲ್ಲ. ಆದರೆ ಹದಿನೆಂಟು ತುಂಬಿದವಳ ಚಿಕಿತ್ಸೆಗೆ ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಗರ್ಭಪಾತದ ಹಕ್ಕಿನಲ್ಲಿ ಮದುವೆಯಾದವರು ಆಗದವರು ಎಂಬ ಭೇದ ಸಲ್ಲದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ವಾರದ ಮೇಲೆ ಮುಟ್ಟಾಯಿತೆಂದು ಮೆಸೇಜ್ ಬಂತು.

ಆ ಮಾತ್ರೆಯ ಬಗ್ಗೆ ಇನ್ನೊಂದು ಮಾತು. 72 ಗಂಟೆಯೊಳಗೆ ಎಂದು ಡಬ್ಬಿಯ ಮೇಲಿರುವುದನ್ನು ಓದಿ ಮೂರನೇ ದಿನದವರೆಗೆ ಕಾಯುವವರಿದ್ದಾರೆ. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅಂಡ ಆಗಲೇ ಬಿಡುಗಡೆಯಾಗಿದ್ದರೆ ಅದು ಕೆಲಸಕ್ಕೆ ಬಾರದು. ಐದು ದಿನದೊಳಗೆ ಹಾಕಿಸಿಕೊಂಡ ಕಾಪರ್ ಟಿ ಅದಕ್ಕಿಂತ ಖಾತ್ರಿಯ ತುರ್ತು ರಕ್ಷಣೆ, ನಮ್ಮಲ್ಲಿ ಇದನ್ನು ಹೇಳುವವರು ಕಡಿಮೆ. ಬಾಣಂತಿಯರಿಗಂತೂ ಕಾಪರ್ ಟಿ ಅಲ್ಲದೆ, ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ನುಂಗುವ ಛಾಯಾ ಮಾತ್ರೆಯೂ ಇದೆ. ಸಹೇಲಿಯದೇ ಸರ್ಕಾರಿ ಹೆಸರು ಅದು, ಹಾರ್ಮೋನಿಲ್ಲ, ಹಾಲಿಗೆ ತೊಂದರೆಯಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಪುಸ್ತಕದಲ್ಲಿ ಅದರ ಹೆಸರಿಗೂ ಅಡಿಗೆರೆ ಹಾಕಿಸಿದವಳು ನಾನೇ.

ಹೆರಿಗೆ ವಾರ್ಡಿನ ವೈದ್ಯರಲ್ಲಿ, ಸಿಸ್ಟರ್‌ಗಳಲ್ಲಿ ನನ್ನ ಕೇಳಿಕೆ ಇದು: ಮಗುವಿನ ಲಸಿಕೆಯ ತಾರೀಖು ಬರೆಯುವ ತಾಯಿ ಕಾರ್ಡಿನಲ್ಲೇ, ಇಂಥ ದಿನದಿಂದ ಈ ತಾಯಿಗೆ ರಕ್ಷಣೆ ಬೇಕು ಎಂದು ಇನ್ನೊಂದು ತಾರೀಖು ಬರೆಯಿರಿ. ಹಾಲು ಕುಡಿಸದ ತಾಯಿಗೆ ಅದು ಹೆರಿಗೆಯಾದ ಮೂರೇ ವಾರಕ್ಕೆ ಶುರುವಾಗುತ್ತದೆ. ಪೂರ್ತಿ ಎದೆಹಾಲನ್ನೇ ಕೊಡುವವಳಿಗೆ ಆರು ತಿಂಗಳಿಗೆ, ಅಥವಾ ಅದಕ್ಕೂ ಮೊದಲೇ ಮುಟ್ಟಾದರೆ, ಇಲ್ಲವೇ ಮೇಲಿನ ಹಾಲು, ಸರಿ ಶುರುವಾದರೆ ಆ ದಿನಕ್ಕೆ. ಬಾಣಂತನ ಮಾಡುವ ತಾಯಂದಿರೇ, ಅತ್ತೆಯಂದಿರೇ, ಮಗಳು ಕೆಲಸಕ್ಕೆ ಹೊರಟ ದಿನ ಆ ತಾರೀಖನ್ನು ಒಮ್ಮೆ ನೆನಪಿಸಿ.

ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸಿನಲ್ಲಿ ಅಂಥದೊಂದು ರಾತ್ರಿಯಿದ್ದರೆ ಅದರ ತಾರೀಖು ಬರೆದಿಟ್ಟುಕೊಂಡು 21 ದಿನ ಎಣಿಸಿ. ಕಿಟ್‌ಗೆ ಮೆಡಿಕಲ್ಸ್‌ನಲ್ಲಿ ಐವತ್ತು ಅರವತ್ತು ರೂಪಾಯಿ. ಅಂಗಡಿಗೆ ಹೋಗಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯ ಹತ್ತಿರ ನಿಶ್ಚಯ್ ಎಂಬ ಸರ್ಕಾರಿ ಕಿಟ್ ಇರುತ್ತದೆ, ಕೇಳಿ. ಎರಡು ಗೆರೆ ಬಂದರೆ, ಬೇಕಾದ ಬಸುರಾಗಲಿ ಬೇಡವಾದದ್ದಾಗಲಿ, ಆ ವಾರವೇ ವೈದ್ಯರನ್ನು ಕಾಣಿ. ಅಂಗಡಿಯಲ್ಲಿ ಸಿಕ್ಕ ಗರ್ಭಪಾತದ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಬಸುರು ಗರ್ಭಕೋಶದಲ್ಲೇ ಇದೆಯೇ, ನಳಿಕೆಯಲ್ಲಿ ಸಿಕ್ಕಿಕೊಂಡಿದೆಯೇ ಎಂಬುದು ಯಾವ ಕಿಟ್‌ಗೂ ಗೊತ್ತಾಗುವುದಿಲ್ಲ. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು, ಹೆಗಲ ತುದಿಯ ನೋವು, ತಲೆಸುತ್ತು ಅಥವಾ ರಕ್ತಸ್ರಾವ ಕಂಡರೆ ಗೆರೆ ಒಂದಿರಲಿ ಎರಡಿರಲಿ, ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.